ಇಳಕಲ್ ಸೀರಿ ಜಾಕೆಟ್ ಒಂದ ಸಲ ತೊಳದ್ರೊಳಗ ಮುದುಡಿ ಕೂತದ, ಎಲ್ಲಿ ತಪ್ಪೀನಿ?

ಸೂಜಿಮಲ್ಲಿಗಿ, ವಿಜಯಪುರ:
ನಮಸ್ಕಾರ್ರಿ ಎಲ್ಲಾರಿಗೂ. ಅವ್ವಂದೊಂದು ಹಳೇ ಇಳಕಲ್ ಸೀರಿ ಇತ್ತು. ಹತ್ತಿ ಒಡಲು, ಗೋಮಿ ಅನ್ನೂ ನಮೂನಿ ದಡಿ, ಕೆಂಪು ಸೆರಗು. ಅಲ್ಲಲ್ಲಿ ಪಿಸದಿತ್ತು, ಉಡ್ಲಿಕ್ಕೆ ಬರೂ ಹಂಗಿರ್ಲಿಲ್ಲ. ಭಾಂಡೇ ಮಾರಾಕಿಗೆ ಹಾಕ್ಲಿಕ್ಕೆ ಮನಸಾಗ್ಲಿಲ್ಲ. ಚಳಿಗೆ ದಿನಾ ಆಫೀಸಿಗೆ ಹಾಕ್ಕೋಬೇಕಂತ ಕೌದಿ ಟಾಕಿ ಹಾಕಿ ಜಾಕೆಟ್ ಮಾಡ್ಕೊಂಡೆ. ಮ್ಯಾಲ ಸೀರಿ, ನಡುವ ನಮ್ಮನಿಯವರ ಹಳೇ ಸ್ವೆಟರ್ ಕತ್ತರಿಸಿ ಹಾಸಿದ್ದು, ಒಳಗ ಅಸ್ತರ. ಟಾಕಿ ಎಲ್ಲಾ ಕೈಲೇ, ತೋಳು ಕೂಡ್ಸಿದ್ದು ಮಾತ್ರ ಮಷಿನ್ ಮ್ಯಾಲ. ಇಪ್ಪತ್ತು ದಿವಸದ ಕೆಲಸ.

ಮೊನ್ನೆ ಮೊದಲನೇ ಸಲ ತೊಳದೆ. ಒಣಗಿದ ಮ್ಯಾಲ ನೋಡಿದ್ರ ಬೆನ್ನ ತುಂಬ ಸುಕ್ಕು, ಕೆಳಗಿನ ಅಂಚು ಎಣ್ಣಿಗೆ ಬಿಟ್ಟ ಹಪ್ಪಳದಂಗ ಒಳಗ ಹೊಳ್ಳಿ ಕೂತದ. ಸ್ಕೂಟಿ ಮ್ಯಾಲ ಕೂತ್ರ ಬೆನ್ನು ಮ್ಯಾಲೇರ್ತದ. ಸಾಲದ್ದಕ್ಕ ಎಡಗಡೆ ಬಗಲಾಗ ಹರದದ. ಸಂಕ್ರಮಣಕ್ಕ ಸಿದ್ಧೇಶ್ವರ ಜಾತ್ರಿಗೆ ಹಾಕ್ಕೋಬೇಕಂತ ಆಸೆ ಇತ್ತು. ಉಳಸ್ಲಿಕ್ಕೆ ಬರ್ತದೇನ್ರಿ?

ಮಷಿನ್‌ಮಾಮಾ, ಬೆಳಗಾವಿ:
ಬರತೈತ್ರಿ ಅಕ್ಕಾರ. ಮೊದಲ ಕಳ್ಳನ್ನ ಹಿಡಿಯೂಣು. ನನಗ ಸಂಶೆ ದಾರದ ಮ್ಯಾಲ. ಕೌದಿ ಟಾಕಿ ಹಾಕುವಾಗ ಸಾಲಿನ ಕೊನಿಗೆ ಬಂದು ದಾರ ಜಗ್ಗೂ ಚಟ ಬಾಳ ಮಂದಿಗೆ ಐತಿ. ಬೆನ್ನಿನ ನಡುವಿನ ಒಂದ ಸಾಲು ನಾಕು ಇಂಚು ಕತ್ತರಿಸಿ ತಗೀರಿ. ಅಲ್ಲಿ ನೀರು ಚಿಮುಕಿಸಿ ಕೈಲೇ ತಟ್ಟಿ ನೋಡ್ರಿ. ಎರಡೂ ಬಟ್ಟಿ ಸಪಾಟ ಆದ್ರ ದಾರದ ತಪ್ಪು. ಆಗಲಿಲ್ಲಂದ್ರ ಬಟ್ಟಿದು.

ತೋಳಿಗೆ ಎಷ್ಟನೇ ನಂಬರ್ ಸೂಜಿ ಹಾಕಿದ್ರಿ?

ತುಂತುರು, ತೀರ್ಥಹಳ್ಳಿ:
ನನಗೆ ಅನುಮಾನ ಸ್ವೆಟರ್ ಮೇಲೆ. ಉಣ್ಣೆಯದ್ದಾಗಿದ್ದರೆ ಬಿಸಿನೀರಲ್ಲಿ ಹಾಕಿ ಉಜ್ಜಿದ ಕೂಡಲೇ ಗಟ್ಟಿಯಾಗಿ ಕುಗ್ಗಿಬಿಡುತ್ತದೆ. ನಮ್ಮನೆಯಲ್ಲಿ ಯಜಮಾನರ ಒಂದು ಸ್ವೆಟರ್ ಹಾಗೆಯೇ ಆಗಿ ಈಗ ಬೆಕ್ಕಿನ ಹಾಸಿಗೆಯಾಗಿದೆ. ಒಂದೆರಡು ಎಳೆ ಕಿತ್ತು ಕಡ್ಡಿ ಗೀರಿ ಹಿಡಿಯಿರಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಕರಿ ಮಣಿಯಾದರೆ ಅಕ್ರಿಲಿಕ್; ಅದು ಹಾಗೆ ಕುಗ್ಗುವುದಿಲ್ಲ.

ಸೂಜಿಮಲ್ಲಿಗಿ, ವಿಜಯಪುರ:
ಎರಡೂ ಮಾಡಿ ನೋಡ್ದೆ. ಸ್ವೆಟರ್ ಎಳಿ ಕರಗಿ ಮಣಿ ಆತು, ಅಕ್ರಿಲಿಕ್ಕೇ. (ನಮ್ಮನಿಯವರು ಇಷ್ಟು ವರ್ಷ ಪಕ್ಕಾ ಉಣ್ಣಿ ಅಂತ ಹೇಳ್ಕೋತ ತಿರುಗ್ಯಾರ, ಈಗ ಸುಮ್ಮನಾಗ್ಯಾರ.) ದಾರ ಕತ್ತರಿಸಿದ ಕಡೆ ಸೀರಿ ಸಡಲಾಗಿ ಉಬ್ಬಿ ನಿಂತದ, ಆದ್ರ ಒಳಗಿನ ಅಸ್ತರ ಹಲಗಿ ಚರ್ಮದಂಗ ಬಿಗದೇ ಅದ. ಸೂಜಿ ಮಷಿನ್ನಾಗ ಮೊದಲಿಂದ ಇದ್ದದ್ದೇ, 16 ಅಂತ ಕಾಣ್ತದ.

ಕೌದಿ ಕಾಕು, ಬಾದಾಮಿ:
ತಂಗಿ, ಅಸ್ತರ ಯಾವ ಬಟ್ಟಿ? ಹೊಸಾದೇನು? ತೊಳದು ಹಾಕಿದ್ದೇನು?

ಸೂಜಿಮಲ್ಲಿಗಿ, ವಿಜಯಪುರ:
ಹೊಸಾ ಮಾಂಜರಪಾಟ ಕಾಕು, ಕೋರಾ ಹತ್ತಿ ಬಟ್ಟಿ, ಅಂಗಡಿಯಿಂದ ತಂದು ಹಂಗೇ ಕತ್ತರಿಸಿದ್ದು. ಗಂಜಿ ಇತ್ತು, ಟಾಕಿ ಹಾಕ್ಲಿಕ್ಕೆ ಹಗುರಾಗ್ತದ ಅಂತ ತೊಳೀಲಿಲ್ಲ.

ಕೌದಿ ಕಾಕು, ಬಾದಾಮಿ:
ಸಿಕ್ಕ ನೋಡವಾ ಕಳ್ಳ! ನಿಮ್ಮವ್ವನ ಸೀರಿ ಹತ್ತಾರು ವರ್ಷ ನೀರು ಕುಡದು ಕುಗ್ಗೂದೆಲ್ಲಾ ಕುಗ್ಗಿ ಮುಗಿಸೈತಿ. ಕೋರಾ ಬಟ್ಟಿ ಮೊದಲನೇ ನೀರಿಗೇ ಕುಗ್ಗತೈತಿ, ಅದೂ ಉದ್ದಕ್ಕ ಜಾಸ್ತಿ. ಕೌದಿಗೆ ಒಳಗ ಹಳೇ ಧೋತರಾ, ಹಳೇ ಸೀರೀನ ಹಾಕೂದು ಬಡತನಕ್ಕಷ್ಟ ಅಲ್ಲ. ಮ್ಯಾಲಿನದು ಒಳಗಿನದು ಒಂದೇ ವಯಸ್ಸಿನವು ಇದ್ರ ಜಗಳ ಇಲ್ಲ. ಟೇಪ್ ಹಿಡದು ಅಳಿ, ತಿಳೀತೈತಿ.

ಸೂಜಿಮಲ್ಲಿಗಿ, ವಿಜಯಪುರ:
ಎರಡೂ 26 ಇಂಚು ಕತ್ತರಿಸಿದ್ದೆ. ಈಗ ಬೆನ್ನಿನ ಅಸ್ತರ 24½!

ಮಷಿನ್‌ಮಾಮಾ, ಬೆಳಗಾವಿ:
ಸೋತೆ ಕಾಕು, ದಾರಕ್ಕ ಸುಮ್ಮನ ಅಪವಾದ ಹಾಕಿದ್ನಿ.

ಈಗ ಬಗಲಿನ ವಿಷಯಾ. ಫೋಟೋದಾಗ ನೋಡಿದ್ನಿ, ಹೊಲಿಗಿ ಬಿಚ್ಚಿಲ್ಲ, ಹೊಲಿಗಿ ಬಾಜೂಕ ಬಟ್ಟಿ ಹರದೈತಿ, ಅಂಚೆ ಚೀಟಿ ಹರದಂಗ ತೂತಿನ ಸಾಲು. 16 ನಂಬರ್ ಸೂಜಿ ಜೀನ್ಸಿನಂಥ ದಪ್ಪ ಬಟ್ಟಿಗೆ. ಹಳೇ ಸೀರಿಗೆ 11 ಸಾಕು, ಟಾಕಿ 3 ಮಿ.ಮೀ. ಇಡ್ರಿ. ಸಣ್ಣ ಟಾಕಿ ಗಟ್ಟಿ ಅನ್ನೂದು ಹೊಸಾ ಬಟ್ಟಿ ಮಾತು. ತೋಳು ಸೆರಗಿಂದಾ? ಆಗಿದ್ರ ಅದರ ಎಳೀನೂ ಒಂದು ಸುಟ್ಟು ನೋಡ್ರಿ.

ಸೂಜಿಮಲ್ಲಿಗಿ, ವಿಜಯಪುರ:
ಹೌದ್ರಿ ಮಾಮಾ, ಸೆರಗಿಂದೇ. ಕೂದಲ ವಾಸನಿ ಬರಲಿಲ್ಲ. ಕಾಗದ ಸುಟ್ಟಂಗ ಭಗ್ ಅಂತು, ಮೆತ್ತನ್ನ ಬೂದಿ. ರೇಷ್ಮಿ ಅಲ್ಲೇನು? ಇವತ್ತು ನಮ್ಮನ್ಯಾಗ ಎಲ್ಲಾರ ಬಣ್ಣಾನೂ ಬಯಲಾಗ್ಲಿಕ್ಕೆ ಹತ್ಯದ.

ಮಷಿನ್‌ಮಾಮಾ, ಬೆಳಗಾವಿ:
ಆರ್ಟ್ ಸಿಲ್ಕ್ ರೀ, ಅಂದ್ರ ರೇಯಾನ್, ಕೃತಕ ರೇಷ್ಮಿ. ಹತ್ತಿ ಒಡಲಿಗೆ ಆರ್ಟ್ ಸಿಲ್ಕ್ ಸೆರಗು ಹಾಕಿ ನೇಯೂದು ಇಳಕಲ್‌ದಾಗ ಮಾಮೂಲಿ, ಮೋಸ ಅಲ್ಲ. ಆದ್ರ ರೇಯಾನ್ ತೊಯ್ದಾಗ ಅದರ ಬಲ ಸುಮಾರು ಅರ್ಧಕ್ಕ ಇಳೀತೈತಿ. ತೊಯ್ದ ಜಾಕೆಟ್ ಸ್ವೆಟರಿನ ನೀರು ಕುಡದು ಭಾರ ಆಗಿರತೈತಿ, ನೀವು ತೋಳು ಹಿಡದು ಎತ್ತಿರತೀರಿ, ಮೊದಲೇ ತೂತಿನ ಸಾಲು. ಅಲ್ಲೇ ಹರದೈತಿ.

ಒಳಗಿಂದ ಹಳೇ ಹತ್ತಿ ಬಟ್ಟಿ ತೇಪಿ ಇಟ್ಟು, ಹರದ ಜಾಗಾ ದಾಟಿ ಒಂದು ಇಂಚು ಆಚಿಗೆ ಕೈಟಾಕಿ ಹಾಕ್ರಿ. ಬಗಲಾಗ ಮೂರು ಇಂಚಿನ ಚೌಕ ತುಂಡು ಮೂಲಿಮೂಲಿ ಕೂಡಿಸಿ ಹೊಲೀರಿ, ಕೈ ಎತ್ತಿದ್ರ ಜಗ್ಗೂದಿಲ್ಲ. ಇನ್ನೊಂದು ಮಾತು: ಸೆರಗು ಒಡಲು ಕೂಡೂದು ಕೊಂಡಿ ಹಾಕಿದ ಎಳಿ ಮ್ಯಾಲ. ಆ ಗೆರಿ ಮ್ಯಾಲ ಕತ್ತರಿ ಆಡಸಬ್ಯಾಡ್ರಿ, ಎಳಿ ಕಳಚಿ ಬರ್ತಾವು.

ತುಂತುರು, ತೀರ್ಥಹಳ್ಳಿ:
ಬೆನ್ನಿನ ಸುಕ್ಕು ಹಾಗೇ ಬಿಟ್ಟರೇನು? ಕೌದಿಗೆ ಸುಕ್ಕೇ ಚೆಂದ ಅಲ್ಲವೇ?

ಕೌದಿ ಕಾಕು, ಬಾದಾಮಿ:
ಹೊಚ್ಕೊಳ್ಳೂ ಕೌದಿಗೆ ಚಂದ ತಂಗಿ, ಹಾಕ್ಕೊಳ್ಳೂ ಜಾಕೆಟ್ಟಿಗೆ ಅಲ್ಲ. ಮ್ಯಾಲೇರತೈತಿ ಅಂದ್ಲಲ್ಲ.

ಮಲ್ಲಿಗೀ, ಟಾಕಿ ಪೂರಾ ಬಿಚ್ಚು, ಮುಂದಿಂದೂ ಹಿಂದಿಂದೂ. ಅರ್ಧಮರ್ಧ ಬಿಚ್ಚಿದ್ರ ಸುಕ್ಕು ಮ್ಯಾಲ ಸರದು ಕೂಡತೈತಿ. ಕೈಟಾಕಿ, ಒಂದ ತಾಸಿನ ಕೆಲಸ, ಹೆದರಬ್ಯಾಡ. ಹೆಗಲು ಮುಟ್ಟಬ್ಯಾಡ. ಅಸ್ತರ ಇನ್ನೊಂದ ಸಲ ಬಿಸಿನೀರಾಗ ನೆನಸಿ ಒಣಗಸು, ಇನ್ನಾ ಕುಗ್ಗೂದಿದ್ರ ಈಗೇ ಕುಗ್ಗಲಿ. ಎಷ್ಟು ಕಮ್ಮಿ ಬೀಳತೈತೋ ಅಷ್ಟಕ್ಕ ಉಳಿದ ದಡಿ ಪಟ್ಟಿ ಕೂಡಸು. ಅಗಲ ಕಮ್ಮಿ ಬಿದ್ರ ಬಾಜೂ ಹೊಲಿಗಿಯೊಳಗಿನ ಅರ್ಧ ಇಂಚು ಬಿಚ್ಚಿ ಬಿಡು. ಆಮ್ಯಾಲ ನೆಲದ ಮ್ಯಾಲ ಹಾಸಿ, ನಡುವಿಂದ ಹೊರಗ ಕಚ್ಚಾ ಟಾಕಿ ಹಾಕ್ಕೋತ ಹೋಗು. ಅಂಚಿನಿಂದ ಶುರು ಮಾಡಬ್ಯಾಡ.

ಸೂಜಿಮಲ್ಲಿಗಿ, ವಿಜಯಪುರ:
ಹನ್ನೆರಡು ದಿನ ಆತು, ಏನಾತು ಹೇಳ್ತೀನಿ. ಎರಡನೇ ನೀರಿಗೆ ಅಸ್ತರ ಮತ್ತ ಕಾಲು ಇಂಚು ಕುಗ್ಗಿತು ಕಾಕು. ಎರಡು ಇಂಚಿನ ಗೋಮಿ ದಡಿ ಕೂಡ್ಸೀನಿ. ಜಾಕೆಟ್ ಹೊಳ್ಳಿಸಿದ್ರ ಒಳಗಿನ ಅಂಚೇ ಹೊರಗಿನಕ್ಕಿಂತ ಚಂದ ಕಾಣ್ತದ. ಬಗಲಿನ ಚೌಕಕ್ಕ ಗುಳೇದಗುಡ್ಡದ ಹಳೇ ಖಣದ ಕುಬಸದ ತುಂಡು ಹಾಕೀನಿ. ಬಲಗಡೆ ಹರದಿರ್ಲಿಲ್ಲ, ಆದ್ರೂ ತೋಳು ಕಿಟಕಿ ಬಿಸಲಿಗೆ ಹಿಡದ್ರ ಜರಡಿಯಂಗ ಬೆಳಕು ಬಿತ್ತು, ಅದಕ್ಕೂ ಹಾಕ್ದೆ. ನಿನ್ನೆ ಬಕೇಟಿನಾಗ ತಣ್ಣೀರಿಗೆ ಹಾಕಿ, ಹಿಂಡಲಾರದ ಎರಡೂ ಕೈಲೇ ಕೂಸು ಎತ್ತಿದಂಗ ಎತ್ತಿ ಹಗ್ಗದ ಮ್ಯಾಲ ಅಡ್ಡ ಹಾಕೀನಿ. ಬೆನ್ನು ಸಪಾಟ ಅದ. ಸ್ವೆಟರ್ ಇನ್ನಾ ಹಸಿ ಅದ, ಒಣಗಿದ ಮ್ಯಾಲ ಫೋಟೋ ಹಾಕ್ತೀನಿ.