ನನ್ನ ಹಾಡಿಗೆ ‘ಸೂಪರ್’ ಬಿಟ್ಟು ಬೇರೆ ಮಾತು ಬೇಕು

ಪ್ರಶ್ನೆ: ಕೊನೆ ಹೊಲದವಳು, ಮಾನ್ವಿ

ಎಲ್ಲರಿಗೂ ನಮಸ್ಕಾರ. ಮಾನ್ವಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಹಾಡು ಬರೆಯುತ್ತೇನೆ. ರಾತ್ರಿ ಮನೆಯಲ್ಲಿ ಹಾರ್ಮೋನಿಯಂ ಮುಂದೆ ಕೂತು ರಾಗ ಹಾಕುತ್ತೇನೆ. ಕಲಿಸಿದವರು ನಮ್ಮ ಓಣಿಯ ಭಜನಾ ಮಂಡಳಿಯ ಹಿರಿಯರು.

ಈ ಪ್ರಶ್ನೆಯ ಜೊತೆ ಹಾಕಿರುವ ಹಾಡು ಶುರುವಾದದ್ದು 2024ರ ಆಗಸ್ಟ್‌ನಲ್ಲಿ, ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋದಾಗ. ನಮ್ಮ ಹೊಲ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿದೆ. ಡ್ಯಾಮ್ ತುಂಬಿದ ವರ್ಷವೂ ನಮಗೆ ನೀರು ಬರುವ ಖಾತ್ರಿ ಇರುವುದಿಲ್ಲ. ಅಂಥದ್ದರಲ್ಲಿ ತುಂಬಿದ ನೀರು ಹೊಳೆ ಪಾಲಾಗುವುದನ್ನು ಅಪ್ಪ ಟಿವಿಯಲ್ಲಿ ನೋಡುತ್ತಾ ಕೂತಿದ್ದರು. ಗೇಟಿನ ಜಾಗಕ್ಕೆ ನೀರು ತಡೆಯುವ ತಾತ್ಕಾಲಿಕ ಅಡ್ಡಪಟ್ಟಿ, ಅಂದರೆ ಸ್ಟಾಪ್‌ಲಾಗ್ ಇಳಿಸುವವರೆಗೂ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಪಲ್ಲವಿ ಹೀಗಿದೆ:

ನೀರು ಬಿಟ್ಟರಂತ ಸುದ್ದಿ ಬಂತವ್ವ
ಸುದ್ದಿಯ ಬೆನ್ನಿಗೆ ನೀರು ಬರಲಿಲ್ಲ

ಭೀಮಪಲಾಸ್ ರಾಗದ ನೆರಳಿನಲ್ಲಿದೆ. ಕೆಹರ್ವಾ ತಾಳ. ಶ್ರುತಿ ಕಪ್ಪು ಐದು, ಅಂದರೆ ಹಾರ್ಮೋನಿಯಂನ ಐದನೇ ಕಪ್ಪು ಕೀ.

ನನ್ನ ತೊಂದರೆ ಹೇಳುತ್ತೇನೆ. ವಾಟ್ಸಾಪ್ ಗುಂಪಿಗೆ ಹಾಡು ಹಾಕಿದರೆ ಒಂದು ನಿಮಿಷದೊಳಗೆ ಹೂವು, ಚಪ್ಪಾಳೆ, ‘ಸೂಪರ್ ಅಕ್ಕ’ ಬರುತ್ತವೆ. ಹಾಡು ಇರುವುದು ನಾಲ್ಕು ನಿಮಿಷ. ಪ್ರೀತಿಯಿಂದಲೇ ಹಾಕುತ್ತಾರೆ, ಅದು ಗೊತ್ತು. ಆದರೆ ಹಾಡು ಕೇಳಿದರಾ ಅನ್ನುವುದೇ ನನಗೆ ತಿಳಿಯುವುದಿಲ್ಲ.

ಮಾನ್ವಿ ಜಗನ್ನಾಥದಾಸರ ಊರು. ಇಲ್ಲಿ ದಾಸರ ಪದ ಹಾಡುವಾಗ ಒಂದು ಅಕ್ಷರ ತಪ್ಪಲಿ, ಹಿಂದಿನಿಂದ ಯಾರಾದರೊಬ್ಬ ಅಜ್ಜಿ ಅಲ್ಲೇ ತಿದ್ದುತ್ತಾಳೆ. ಅಷ್ಟು ಕಿವಿ ಇರುವ ಊರಿದು. ನನ್ನ ಹೊಸ ಹಾಡಿಗೆ ಮಾತ್ರ ಅದೇ ಅಜ್ಜಿ ‘ಚೆಂದ ಐತವ್ವ’ ಅಂದು ಸುಮ್ಮನಾಗುತ್ತಾಳೆ. ಹಳೆ ಪದ ಹೇಗಿರಬೇಕು ಅಂತ ಅವಳಿಗೆ ಗೊತ್ತು. ನನ್ನ ಪದ ಹೇಗಿರಬೇಕು ಅಂತ ಅವಳಿಗೂ ಗೊತ್ತಿಲ್ಲ, ನನಗೂ ಪೂರ್ತಿ ಗೊತ್ತಿಲ್ಲ. ಹಾಗಾದರೆ ಕೇಳುಗರಿಂದ ನಿಜವಾದ ಮಾತು ಹೊರಡಿಸುವುದು ಹೇಗೆ?

ದಯವಿಟ್ಟು ಹಾಡು ಪೂರ್ತಿ ಕೇಳಿ ಬರೆಯಿರಿ. ಇನ್ನೊಂದು ಚಿಕ್ಕ ಪ್ರಶ್ನೆ. ಹೀಗೆ ಎಲ್ಲರೆದುರು ಹಾಕಿದ ಹಾಡನ್ನು ಯಾರಾದರೂ ತಮ್ಮದು ಅಂತ ಎತ್ತಿಕೊಂಡರೆ ಏನು ಮಾಡಬೇಕು?

ಉತ್ತರ: ಪೇಟಿ ಮಾಸ್ತರ, ಗಂಗಾವತಿ

ತಂಗಿ, ಪೂರ್ತಿ ಕೇಳಿದೆ. ಆಮೇಲೆ ಪೇಟಿ (ಹಾರ್ಮೋನಿಯಂ) ತೆಗೆದು ಜೊತೆಗೆ ನುಡಿಸುತ್ತಾ ಇನ್ನೊಮ್ಮೆ ಕೇಳಿದೆ.

ಪಲ್ಲವಿ ಗಟ್ಟಿಯಾಗಿದೆ, ಅದನ್ನು ಮುಟ್ಟಬೇಡ. ‘ನೀರು ಬಿಟ್ಟರಂತ’ ಅನ್ನುವುದು ನಮ್ಮ ಕಡೆ ಚಹಾದಂಗಡಿಯಲ್ಲಿ ದಿನಾ ಕೇಳುವ ಮಾತು. ಅದಕ್ಕೆ ರಾಗ ಹತ್ತಿದ ಕೂಡಲೇ ಕಿವಿ ನಿಂತಿತು.

ಮೊದಲನೇ ಚರಣದಲ್ಲಿ ತಾಳ ಎಡವುತ್ತದೆ. ‘ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆಯೇ’ ಅಂತ ಹಾಡಿದ್ದೀಯ. ಲಘುವಿಗೆ ಒಂದು, ಗುರುವಿಗೆ ಎರಡು ಅಂತ ಬೆರಳು ಮಡಿಚಿ ಎಣಿಸು, 21 ಮಾತ್ರೆ ಆಗುತ್ತವೆ. ಕೆಹರ್ವಾ 8 ಮಾತ್ರೆಯದು, ಎರಡು ಆವರ್ತಕ್ಕೆ 16. ಒಂದು ಮಾತ್ರೆ ಹೆಚ್ಚು ಕಡಿಮೆ ಆದರೆ ಹಾಡಿನಲ್ಲಿ ಎಳೆದು ಸರಿಮಾಡಬಹುದು. ಐದು ಹೆಚ್ಚಾದರೆ ಮಾತು ಓಡುತ್ತದೆ. ಓಡುವ ಮಾತಿನಲ್ಲಿ ದುಃಖ ನಿಲ್ಲುವುದಿಲ್ಲ. ಡ್ಯಾಮಿನ ಹೆಸರು ಹೇಳಲೇಬೇಕಾ? ‘ಎಡದಂಡೆ ಕಾಲುವೆ ಹರಿದಾಳವ್ವ’ ಅಂದು ನೋಡು. ಸರಿಯಾಗಿ 16. ಇಷ್ಟವಾದರೆ ಇಟ್ಟುಕೋ, ಇಲ್ಲದಿದ್ದರೆ ನಿನ್ನದೇ ಮಾತು ಹುಡುಕು.

ಎರಡನೇ ಚರಣ ನನಗೆ ಎಲ್ಲಕ್ಕಿಂತ ಇಷ್ಟ. ‘ಸಸಿಮಡಿ ಹಳದಿ ತಿರುಗ್ಯಾವ, ಅಪ್ಪ ತೂಬಿನ ಮುಂದೆ ಕುಂತಾನ.’ ಇಲ್ಲಿ ನೀನು ಕಂಡದ್ದನ್ನು ಹೇಳಿದ್ದೀಯ. ಮೂರನೆಯದಕ್ಕೆ ಬಂದರೆ ‘ರೈತನೆ ನೀನು ನಾಡಿನ ಉಸಿರು, ನಿನ್ನಿಂದಲೆ ಈ ಜಗವೆಲ್ಲ ಹಸಿರು.’ ಇದನ್ನು ಯಾರು ಬೇಕಾದರೂ ಬರೆಯಬಹುದು. ಹೊಲ ನೋಡದವರೂ ಬರೆಯುತ್ತಾರೆ. ತೂಬಿನ ಮುಂದೆ ಕೂತ ಅಪ್ಪ ಆಮೇಲೆ ಎದ್ದು ಏನು ಮಾಡಿದ? ನನಗೆ ಅದು ಬೇಕು. ಉಸಿರು, ಹಸಿರು ಬೇಡ.

ಇನ್ನು ಶ್ರುತಿ. ‘ಬರಲಿಲ್ಲ’ ಅನ್ನುವಲ್ಲಿ ತಾರ ಷಡ್ಜಕ್ಕೆ (ಮೇಲಿನ ‘ಸ’) ಹೋಗುವಾಗ ಗಂಟಲು ಬಿಗಿಯುತ್ತದೆ. ಒಂದು ಸ್ವರದಷ್ಟು ಇಳಿಸಿ ಕಪ್ಪು ನಾಲ್ಕರಲ್ಲಿ ಹಾಡಿ ನೋಡು. ಪಲ್ಲವಿ ಮಂದ್ರದ ನಿಷಾದದಿಂದ (ಕೆಳಗಿನ ‘ನಿ’) ಏಳುತ್ತದಲ್ಲ, ಇಳಿಸಿದ ಮೇಲೂ ಅದು ಸ್ಪಷ್ಟ ಕೇಳಬೇಕು. ಅಷ್ಟು ನೋಡಿಕೋ.

ಈಗ ನೀನು ಕೇಳಿದ ದೊಡ್ಡ ಪ್ರಶ್ನೆ. ‘ಹೇಗಿದೆ’ ಅಂತ ಯಾರನ್ನೂ ಕೇಳಬೇಡ. ಹಾಗೆ ಕೇಳಿದರೆ ನಮ್ಮ ಜನ ನಿನ್ನ ಮನಸ್ಸು ಕಾಯುತ್ತಾರೆ, ಹಾಡು ಕಾಯುವುದಿಲ್ಲ. ಅಮಾವಾಸ್ಯೆ ಭಜನೆಗೆ ಹೋಗುತ್ತೀಯಲ್ಲ, ತತ್ವಪದಗಳ ನಡುವೆ ಇದನ್ನೂ ಹಾಡು. ನಿನ್ನದು ಅಂತ ಹೇಳದೆ ಹಾಡು. ಪಲ್ಲವಿ ಎರಡನೇ ಸಲ ಬಂದಾಗ ಹಿಮ್ಮೇಳದವರು ತಾವಾಗಿ ಎತ್ತಿಕೊಳ್ಳುತ್ತಾರಾ ನೋಡು. ದಮ್ಮಡಿ ವಾದ್ಯ ಹಿಡಿದವರು ಎಲ್ಲಿ ತಾಳ ಹುಡುಕುತ್ತಾರೆ ನೋಡು. ಯಾವ ಚರಣಕ್ಕೆ ಪಕ್ಕದವರ ಜೊತೆ ಮಾತು ಶುರುವಾಗುತ್ತದೆ ನೋಡು. ಮರುದಿನ ಯಾರನ್ನಾದರೂ ‘ನಿನ್ನೆ ಆ ನೀರಿನ ಪದ ಏನಿತ್ತು’ ಅಂತ ಕೇಳು. ಅವರ ಬಾಯಿಗೆ ಯಾವ ಸಾಲು ಬರುತ್ತದೋ ಅದೇ ನಿನಗೆ ಬೇಕಾದ ಉತ್ತರ. ನಾನು ಹೊಸ ಪದ ಕಟ್ಟಿದಾಗಲೆಲ್ಲ ಮಾಡುವುದು ಇದನ್ನೇ.

ಉತ್ತರ: ನೈಟ್ ಶಿಫ್ಟ್, ಶಕ್ತಿನಗರ

ಮೇಡಂ, ನಾನು ಇಲ್ಲಿನ ಥರ್ಮಲ್ ವಿದ್ಯುತ್ ಕೇಂದ್ರದಲ್ಲಿ ಕೆಲಸ ಮಾಡುವವನು, ಬಿಡುವಿನಲ್ಲಿ ಗೆಳೆಯರ ಹಾಡು ರೆಕಾರ್ಡ್ ಮಾಡಿಕೊಡುತ್ತೇನೆ. ಸಾಹಿತ್ಯದ ಬಗ್ಗೆ ಮಾಸ್ತರು ಹೇಳಿದ್ದಾರೆ, ನಾನು ಸದ್ದಿನ ಬಗ್ಗೆ ಹೇಳುತ್ತೇನೆ.

ಫ್ಯಾನ್ ಆಫ್ ಮಾಡಿದ್ದೀರಿ, ಒಳ್ಳೆಯದು. ಆದರೆ ಕೆಳಗೆ ಗುಂಯ್ ಅನ್ನುವ ಸದ್ದು ಉಳಿದಿದೆ. ಇನ್ವರ್ಟರೋ ಫ್ರಿಜ್ಜೋ ಇರಬೇಕು. ನಮ್ಮ ಕರೆಂಟ್ 50 ಹರ್ಟ್ಸ್‌ನದು, ಆ ಗುಂಯ್ ಸದ್ದು 50ರಲ್ಲಿ, 100ರಲ್ಲಿ ಕೂರುತ್ತದೆ. ಕಪ್ಪು ನಾಲ್ಕಕ್ಕೆ ಇಳಿಸಿದರೂ ನಿಮ್ಮ ಅತಿ ಕೆಳಗಿನ ಸ್ವರ 180 ಹರ್ಟ್ಸ್‌ಗಿಂತ ಮೇಲೇ ಇರುತ್ತದೆ. ಹಾಗಾಗಿ ಸದ್ದು ತಿದ್ದುವ ಆಡಾಸಿಟಿ ಸಾಫ್ಟ್‌ವೇರ್‌ನಲ್ಲಿ ಹೈ ಪಾಸ್ ಫಿಲ್ಟರ್ ಹಾಕಿ 120ರ ಕೆಳಗಿನದನ್ನು ಕತ್ತರಿಸಿದರೆ ದನಿಗೆ ಏನೂ ಆಗುವುದಿಲ್ಲ.

ಕೋಣೆ ಖಾಲಿ ಇದ್ದ ಹಾಗಿದೆ, ದನಿ ಗೋಡೆಗೆ ಬಡಿದು ವಾಪಸ್ ಬರುತ್ತಿದೆ. ನಿಮ್ಮ ಬೆನ್ನ ಹಿಂದೆ ಹಗ್ಗ ಕಟ್ಟಿ ಎರಡು ದಪ್ಪ ಕೌದಿ ಇಳಿಬಿಡಿ. ಫೋನನ್ನು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಇಡಿ. ನೇರ ಇಟ್ಟರೆ ‘ಬ’, ‘ಪ’ ಅಕ್ಷರಕ್ಕೆ ಉಸಿರು ಬಡಿಯುತ್ತದೆ. ನಿಮ್ಮ ‘ಬಿಟ್ಟರಂತ’, ‘ಬೆನ್ನಿಗೆ’, ‘ಬರಲಿಲ್ಲ’ ಮೂರರಲ್ಲೂ ಅದು ಕೇಳುತ್ತಿದೆ.

ವಾಟ್ಸಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಅಂತ ಕಳಿಸಿ. ಫೈಲ್ ಇದ್ದ ಹಾಗೇ ಹೋಗುತ್ತದೆ.

ಹಕ್ಕಿನ ಬಗ್ಗೆ ಕೇಳಿದ್ದಿರಿ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಬರೆದು ದಾಖಲಾದ ಕೂಡಲೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯ ಅಲ್ಲ. ಸಾಹಿತ್ಯಕ್ಕೆ ಒಂದು ಹಕ್ಕು, ರಾಗ ಸಂಯೋಜನೆಗೆ ಬೇರೆ ಹಕ್ಕು. ನೀವು ನಿಮಗೇ ಒಂದು ಇಮೇಲ್ ಮಾಡಿ ಸಾಹಿತ್ಯ, ರೆಕಾರ್ಡಿಂಗ್ ಎರಡನ್ನೂ ಇಟ್ಟುಕೊಳ್ಳಿ. ಯಾವತ್ತಿನದು ಅನ್ನುವುದಕ್ಕೆ ಒಂದು ಗುರುತು ಇರುತ್ತದೆ.

ಉತ್ತರ: ರಂಗಗೀತೆ ಪ್ರಿಯೆ, ಬಳ್ಳಾರಿ

ಮಾಸ್ತರ ಮಾತಲ್ಲಿ ಒಂದನ್ನು ನಾನು ಒಪ್ಪುವುದಿಲ್ಲ. ಶ್ರುತಿ ಇಳಿಸಬೇಡ ತಂಗಿ. ‘ಬರಲಿಲ್ಲ’ ಅನ್ನುವಾಗ ನಿನ್ನ ದನಿ ಬಿಗಿಯುವುದೇ ನನ್ನ ಎದೆಗೆ ತಾಗಿತು. ಸಲೀಸಾಗಿ ಹಾಡಿದರೆ ನೀರು ಬಂದವರ ಹಾಗೆ ಕೇಳುತ್ತದೆ.

ಆದರೆ ಅಕ್ಷರ ನುಂಗಬೇಡ. ನಮ್ಮ ಬಳ್ಳಾರಿಯ ರಂಗನಟಿ ಸುಭದ್ರಮ್ಮ ಮನ್ಸೂರು ಹಾಡುವಾಗ ಎಷ್ಟೇ ಮೇಲಿನ ಸ್ವರ ಇರಲಿ, ಒಂದೊಂದು ಅಕ್ಷರ ಬಿಡಿಸಿಟ್ಟ ಹಾಗೆ ಕೇಳುತ್ತಿತ್ತು. ನಾಟಕದ ಹಾಡಿನಲ್ಲಿ ಕೊನೆ ಸಾಲಿನವನಿಗೂ ಮಾತು ಮುಟ್ಟಬೇಕು, ಇಲ್ಲದಿದ್ದರೆ ಕಥೆಯೇ ತಪ್ಪುತ್ತದೆ. ನಿನ್ನ ‘ತೂಬಿನ ಮುಂದೆ’ ನನಗೆ ಮೊದಲ ಸಲ ‘ದೂಪದ ಮುಂದೆ’ ಅಂತ ಕೇಳಿಸಿತು. ಅಪ್ಪ ಪೂಜೆಗೆ ಕೂತಿದ್ದಾರೆ ಅಂದುಕೊಂಡೆ. ಅಷ್ಟು ಒಳ್ಳೆಯ ಸಾಲು ಹಾಗೆ ಕಳೆದುಹೋಗಬಾರದು ಅಲ್ವಾ? ‘ತೂ’ ಮೇಲೆ ಒತ್ತು ಕೊಟ್ಟು, ‘ಬಿನ’ ಆದ ಮೇಲೆ ಒಂದು ಚೂರು ಬಿಡು.

ಮೂರನೇ ಚರಣದ ವಿಷಯದಲ್ಲಿ ನಾನು ಮಾಸ್ತರ ಕಡೆ. ವೇದಿಕೆ ಮೇಲೆ ಅದಕ್ಕೆ ಚಪ್ಪಾಳೆ ಬೀಳುತ್ತದೆ, ಖಂಡಿತ. ಆದರೂ ತೆಗೆದುಬಿಡು.

ಕೊನೆ ಹೊಲದವಳು, ಮಾನ್ವಿ

ಮೂವರಿಗೂ ತುಂಬಾ ಧನ್ಯವಾದ. ಇಷ್ಟು ಕಿವಿಗೊಟ್ಟು ನನ್ನ ಹಾಡನ್ನು ಈವರೆಗೆ ಯಾರೂ ಕೇಳಿರಲಿಲ್ಲ.

ಮಾಸ್ತರೇ, ‘ಎಡದಂಡೆ ಕಾಲುವೆ ಹರಿದಾಳವ್ವ’ ನಾನು ಇಟ್ಟುಕೊಳ್ಳುತ್ತೇನೆ. ಈ ಸಾಲು ನಿಮ್ಮದು ಅಂತ ಹಾಡಿನ ಕೆಳಗೆ ಬರೆಯುತ್ತೇನೆ, ಬೇಡ ಅನ್ನಬೇಡಿ. ಎರಡನೇ ಚರಣದ ರಾಗ ತಿದ್ದಿಕೊಟ್ಟದ್ದು ನಮ್ಮ ಮಂಡಳಿಯ ಹಿರಿಯರು. ಹಕ್ಕಿನ ವಿಷಯ ಓದಿದ ಮೇಲೆ ಅವರ ಹೆಸರನ್ನೂ ಹಾಕಬೇಕು ಅನ್ನಿಸಿತು. ಅವರನ್ನೇ ಕೇಳಿ ಹಾಕುತ್ತೇನೆ.

ಶ್ರುತಿ ವಿಷಯದಲ್ಲಿ ಬಳ್ಳಾರಿ ಅಕ್ಕನ ಮಾತು ಮನಸ್ಸಿಗೆ ಹಿಡಿಸಿತು. ಕಪ್ಪು ಐದರಲ್ಲೇ ಹಾಡುತ್ತೇನೆ. ಆದರೆ ಪಲ್ಲವಿ ಪ್ರತಿ ಸಲ ಬಂದಾಗಲೂ ತಾರ ಷಡ್ಜಕ್ಕೆ ಏರುವುದಿಲ್ಲ. ಮೊದಲೆಲ್ಲ ಅದಕ್ಕಿಂತ ಕೆಳಗಿನ ಪಂಚಮದಲ್ಲಿ ನಿಲ್ಲಿಸಿ, ಕೊನೆಯ ಸಲ ಮಾತ್ರ ಮೇಲೆ ಹೋಗುತ್ತೇನೆ.

ಉಸಿರು, ಹಸಿರು ತೆಗೆದೆ. ಅಪ್ಪ ಎದ್ದು ಏನು ಮಾಡಿದ ಅಂತ ಮಾಸ್ತರು ಕೇಳಿದ್ದಕ್ಕೆ ಸದ್ಯ ಇಷ್ಟು ಬಂದಿದೆ:

ಪಕ್ಕದ ಹೊಲದವ ಬಂದು ಕುಂತಾನ
ಬೀಡಿಯ ಹಂಚಿಕೊಂಡು ಇಬ್ಬರೂ ಸುಮ್ಮನ

ಎರಡನೇ ಸಾಲು ಉದ್ದ ಆಯಿತು ಅಂತ ಕಾಣುತ್ತದೆ. ‘ಕೊಂಡು’ ತೆಗೆದು ‘ಬೀಡಿಯ ಹಂಚಿ ಇಬ್ಬರೂ ಸುಮ್ಮನ’ ಅಂದರೆ ತಾಳಕ್ಕೆ ಕೂರುತ್ತದಾ ಮಾಸ್ತರೇ? ಪೇಟಿ ಹಿಡಿದು ನೋಡಿ ಹೇಳಿ. ಅಮಾವಾಸ್ಯೆ ಭಜನೆಗೆ ಮೊದಲು ಇದನ್ನು ಕೂರಿಸಿಕೊಳ್ಳಬೇಕು.