ನಾಲ್ಕು ಹಸಿರು ಸಿಕ್ಕಿದ ಮೇಲೂ ವರ್ಡಲ್ ಸೋಲುವುದೇಕೆ?

(ವರ್ಡಲ್ ಅಂದರೆ ಐದಕ್ಷರದ ಇಂಗ್ಲಿಷ್ ಪದವೊಂದನ್ನು ಆರು ಸಾಲಿನೊಳಗೆ ಊಹಿಸುವ ಆಟ. ಹಾಕಿದ ಅಕ್ಷರ ಸರಿಯಾದ ಮನೆಯಲ್ಲಿದ್ದರೆ ಹಸಿರು, ಪದದಲ್ಲಿದ್ದೂ ಬೇರೆ ಮನೆಯಲ್ಲಿದ್ದರೆ ಹಳದಿ, ಇಲ್ಲದಿದ್ದರೆ ಬೂದು.)

ಪ್ರಶ್ನೆ: ಮೇಡಂ, ವರ್ಡಲ್‌ನಲ್ಲಿ ಎರಡನೇ ಸಾಲಿಗೆ 'ಫೈಟ್' ಹಾಕಿದೆ. ಎಫ್ ಬೂದು, ಐ-ಜಿ-ಎಚ್-ಟಿ ನಾಲ್ಕೂ ಹಸಿರು. ಆಮೇಲೆ ಲೈಟ್, ನೈಟ್, ಮೈಟ್, ರೈಟ್ ಅಂತ ಹಾಕುತ್ತಾ ಹೋಗಿ ಆರೂ ಸಾಲು ಮುಗಿದವು. ಎಲ್ಲಿ ತಪ್ಪಿದೆ?

ಉತ್ತರ: ಮೂರನೇ ಸಾಲಿನಲ್ಲಿ. ಎಸ್, ಇ ಮೊದಲೇ ಬೂದಾಗಿರದಿದ್ದರೆ ಆಗ ಉಳಿದಿದ್ದ ದಿನಬಳಕೆಯ ಪದಗಳು ಏಳು: ಲೈಟ್, ನೈಟ್, ಮೈಟ್, ರೈಟ್, ಸೈಟ್, ಟೈಟ್, ಎಯ್ಟ್. ಸಾಲು ಇದ್ದದ್ದು ನಾಲ್ಕೇ. ಒಂದೊಂದಾಗಿ ಹಾಕುವುದು ಕತ್ತಲಲ್ಲಿ ಕಲ್ಲು ಹೊಡೆದಂತೆ.

ಆ ಸಾಲಿಗೆ 'ಟರ್ಮ್ಸ್' (ಟಿ-ಇ-ಆರ್-ಎಂ-ಎಸ್) ಹಾಕಬೇಕಿತ್ತು. ಅದು ಉತ್ತರವಲ್ಲ ಅಂತ ಗೊತ್ತಿದ್ದೇ ಹಾಕುವುದು. ಇ ಹಳದಿಯಾದರೆ ಎಯ್ಟ್, ಆರ್ ಆದರೆ ರೈಟ್, ಎಂ ಆದರೆ ಮೈಟ್, ಎಸ್ ಆದರೆ ಸೈಟ್. ಮೊದಲ ಟಿ ಹಸಿರಾದರೆ ಟೈಟ್. ಟಿ ಮಾತ್ರ ಹಳದಿ, ಮಿಕ್ಕದ್ದೆಲ್ಲ ಬೂದು ಅಂದರೆ ಲೈಟ್ ಅಥವಾ ನೈಟ್. ತೀರಾ ಕೆಟ್ಟರೂ ಐದನೇ ಸಾಲಿಗೆ ಆಟ ಮುಗಿಯುತ್ತದೆ.

ಕ್ಯಾಚ್-ಮ್ಯಾಚ್-ವಾಚ್ ಗುಂಪು, ಸೌಂಡ್-ರೌಂಡ್-ಪೌಂಡ್ ಗುಂಪು ಸಿಕ್ಕಾಗಲೂ ಇದೇ ಉಪಾಯ.

ಪ್ರಶ್ನೆ: ನಾನು ಹಾರ್ಡ್ ಮೋಡ್‌ನಲ್ಲಿ ಆಡ್ತೀನಿ. 'ಟರ್ಮ್ಸ್' ತಗೊಳ್ಳಲ್ಲವಲ್ಲ?

ಉತ್ತರ: ತಗೊಳ್ಳಲ್ಲ. ಹಸಿರು ಅಕ್ಷರ ಅದದೇ ಮನೆಯಲ್ಲಿರಬೇಕು, ಹಳದಿಯೂ ಪದದೊಳಗೆ ಇರಬೇಕು. ಅದಕ್ಕೇ ಹಾರ್ಡ್ ಮೋಡ್‌ನವರು ಎರಡನೇ ಸಾಲಿನಲ್ಲೇ 'ಫೈಟ್' ತರಹದ ಪದಕ್ಕೆ ಕೈ ಹಾಕಬಾರದು. ಗುಂಪಿಗೆ ಸಿಕ್ಕಿಬಿದ್ದ ಮೇಲೆ ಅದೃಷ್ಟವೇ ಗತಿ.

ಪ್ರಶ್ನೆ: ಮೊದಲ ಪದ 'ಅಡ್ಯೂ' (ಎ-ಡಿ-ಐ-ಇ-ಯು) ಒಳ್ಳೆಯದಲ್ವಾ? ನಾಲ್ಕು ಸ್ವರ ಒಟ್ಟಿಗೇ ಗೊತ್ತಾಗುತ್ತೆ.

ಉತ್ತರ: ಜನಪ್ರಿಯ, ಆದರೆ ನನಗೆ ಹಿಡಿಸದು. ಎ, ಇ ಎರಡೂ ಇವೆ ಅಂತ ಗೊತ್ತಾದರೂ ನೂರಾರು ಪದ ಹಾಗೇ ಉಳಿಯುತ್ತವೆ. ಅವನ್ನು ಜರಡಿ ಹಿಡಿಯುವುದು ವ್ಯಂಜನ. 'ಸ್ಲೇಟ್', 'ಕ್ರೇನ್', 'ಟ್ರೇಸ್' ಇವುಗಳಲ್ಲಿ ಒಂದನ್ನು ಹಿಡಿದುಕೊಳ್ಳಿ.

ಪ್ರಶ್ನೆ: 'ಇರೇಸ್' (ಇ-ಆರ್-ಎ-ಎಸ್-ಇ) ಹಾಕಿದಾಗ ಕೊನೆಯ ಇ ಹಸಿರು, ಮೊದಲನೆಯದು ಬೂದು. ಆ್ಯಪ್ ಕೆಟ್ಟಿದೆಯಾ?

ಉತ್ತರ: ಇಲ್ಲ, ಅದೊಂದು ಸುಳಿವು. ಉತ್ತರದಲ್ಲಿ ಇ ಒಂದೇ ಇದೆ ಎಂದರ್ಥ. ಉತ್ತರ 'ಕ್ರೇನ್' ಆಗಿದ್ದರೆ ಹೀಗೇ ಕಾಣುತ್ತದೆ: ಆರ್, ಎ, ಕೊನೆಯ ಇ ಹಸಿರು, ಮಿಕ್ಕೆರಡು ಬೂದು. ಆದರೆ ಒಂದೇ ಇ ಹಾಕಿ ಅದು ಹಸಿರಾದರೆ ಇನ್ನೊಂದು ಇ ಇಲ್ಲ ಅಂತ ಖಾತ್ರಿಯಾಗುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ.

ಇನ್ನೊಂದು ಮಾತು, ನಮ್ಮ ಶಾಲೆಗಳಲ್ಲಿ ಕಲಿತವರಿಗೆ. ಇದು ನ್ಯೂಯಾರ್ಕ್ ಟೈಮ್ಸ್‌ನ ಆಟ, ಕಾಗುಣಿತ ಅಮೆರಿಕದ್ದು. 2022ರ ಜನವರಿಯಲ್ಲಿ 'ಫೇವರ್', ಫೆಬ್ರವರಿಯಲ್ಲಿ 'ಹ್ಯೂಮರ್' ಉತ್ತರವಾಗಿ ಬಂದಿದ್ದವು, ಎರಡೂ ಯು ಇಲ್ಲದೆ. ಕೊನೆಯಲ್ಲಿ ಓ-ಆರ್ ಹಸಿರಾದಾಗ ನಾವು ಆರಕ್ಷರದಲ್ಲಿ ಬರೆಯುವ ಪದಗಳನ್ನೂ ಒಮ್ಮೆ ನೆನಪಿಸಿಕೊಳ್ಳಿ.