ಓಎಲ್‌ಇಡಿಯಲ್ಲಿ ನೀಲಿಯೇ ಯಾಕೆ ಮೊದಲು ಸೋಲುತ್ತದೆ?

ಪ್ರಶ್ನೆ: ಮೇಡಂ, ನಾನು ಎಂಎಸ್ಸಿ ಕೆಮಿಸ್ಟ್ರಿ ವಿದ್ಯಾರ್ಥಿ. ಓಎಲ್‌ಇಡಿ, ಅಂದರೆ ಸಾವಯವ ಅಣುಗಳಿಂದ ಬೆಳಕು ಕೊಡುವ ಡಯೋಡ್ ಬಗ್ಗೆ ಸೆಮಿನಾರ್ ಕೊಡಬೇಕಾಗಿದೆ. ಓದಿದ ಕಡೆಯೆಲ್ಲ ಕೆಂಪು, ಹಸಿರು ಪರವಾಗಿಲ್ಲ, ನೀಲಿಯದ್ದೇ ತಲೆನೋವು ಅಂತಿದೆ. ದಕ್ಷತೆ ಹೆಚ್ಚಿಸಲು ಹೋದರೆ ಬಾಳಿಕೆ ಕಡಿಮೆಯಾಗುತ್ತದಂತೆ. ಇವೆರಡಕ್ಕೂ ಅಷ್ಟೊಂದು ವೈರ ಯಾಕೆ? ಅಣುವಿನಲ್ಲಿ ಹಾಳಾಗುವುದಾದರೂ ಏನು?

ಉತ್ತರ: ವೈರವೇನೂ ಇಲ್ಲ. ಎರಡೂ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ: ಅಣುವಿಗೆ ಸಿಕ್ಕ ಶಕ್ತಿ ಎಷ್ಟು ಬೇಗ ಬೆಳಕಾಗಿ ಹೊರಬೀಳುತ್ತದೆ? ತಡವಾದಷ್ಟೂ ಅಪಾಯ.

ಎಲೆಕ್ಟ್ರಾನ್ ಮತ್ತು ಹೋಲ್ (ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗ) ಒಂದು ಅಣುವಿನ ಮೇಲೆ ಸೇರಿದಾಗ ಎಕ್ಸಿಟಾನ್, ಅಂದರೆ ಶಕ್ತಿ ತುಂಬಿದ ಜೋಡಿ, ಹುಟ್ಟುತ್ತದೆ. ನಾಲ್ಕರಲ್ಲಿ ಒಂದು ಸಿಂಗ್ಲೆಟ್, ಮೂರು ಟ್ರಿಪ್ಲೆಟ್. ಇದು ಸ್ಪಿನ್ ಲೆಕ್ಕ: ಎರಡರ ಸ್ಪಿನ್ ಹೇಗೆ ಜೋಡಿಯಾಗಿದೆ ಅನ್ನುವುದರ ಮೇಲೆ ಈ ಎರಡು ಬಗೆ. ಸಿಂಗ್ಲೆಟ್ ಕೆಲವೇ ನ್ಯಾನೋಸೆಕೆಂಡಿನಲ್ಲಿ ಬೆಳಕು ಕೊಡುತ್ತದೆ. ಮಾಮೂಲಿ ಸಾವಯವ ಅಣುವಿನಲ್ಲಿ ಟ್ರಿಪ್ಲೆಟ್ ಸುಮ್ನೆ ಶಾಖವಾಗಿ ಹೋಗುತ್ತದೆ. 1987ರಲ್ಲಿ ಕೊಡಾಕ್‌ನ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಎರಡು ಪದರದ ಡಯೋಡ್ ಮಾಡಿದಾಗ, ನೂರು ಎಲೆಕ್ಟ್ರಾನಿಗೆ ಹೊರಗೆ ಬಂದದ್ದು ಸುಮಾರು ಒಂದು ಫೋಟಾನ್.

1998ರಲ್ಲಿ ಫಾರೆಸ್ಟ್ ಮತ್ತು ಥಾಂಪ್ಸನ್ ಅವರ ತಂಡ ಪ್ಲಾಟಿನಂ ಅಣುವನ್ನು, ಮರುವರ್ಷ ಇರಿಡಿಯಂ ಅಣುವನ್ನು ಬಳಸಿತು. ಭಾರದ ಲೋಹ ಇದ್ದರೆ ಟ್ರಿಪ್ಲೆಟ್‌ನಿಂದಲೂ ಬೆಳಕು ಬರುತ್ತದೆ. ಒಳಗಿನ ದಕ್ಷತೆ, ಅಂದರೆ ಎಲೆಕ್ಟ್ರಾನಿಗೆ ಎಷ್ಟು ಫೋಟಾನ್ ಡಯೋಡಿನೊಳಗೆ ಹುಟ್ಟುತ್ತದೆ ಅನ್ನುವ ಲೆಕ್ಕ, 100 ಪ್ರತಿಶತದ ಹತ್ತಿರ ಬಂತು. ತೊಂದರೆ ಇರುವುದೂ ಇಲ್ಲೇ. ಟ್ರಿಪ್ಲೆಟ್ ಮೈಕ್ರೋಸೆಕೆಂಡ್ ಲೆಕ್ಕದಲ್ಲಿ ಅಲ್ಲೇ ಕೂತಿರುತ್ತದೆ. ಅಷ್ಟರೊಳಗೆ ಪಕ್ಕದ ಇನ್ನೊಂದು ಟ್ರಿಪ್ಲೆಟ್ಟೋ, ಓಡಾಡುವ ಚಾರ್ಜೋ ಬಂದು ಸೇರಿದರೆ ಶಕ್ತಿಯೆಲ್ಲ ಒಂದೇ ಅಣುವಿನ ಮೇಲೆ ಬೀಳುತ್ತದೆ. ನೀಲಿ ಎಕ್ಸಿಟಾನಿಗೆ ಸುಮಾರು 2.7 ಎಲೆಕ್ಟ್ರಾನ್‌ವೋಲ್ಟ್. ಎರಡು ಕೂಡಿದರೆ 5 ದಾಟಿತು. ದುರ್ಬಲವಾದ ಕಾರ್ಬನ್-ನೈಟ್ರೋಜನ್ ಬಂಧ ಮುರಿಯಲು 3-4 ಸಾಕು. ಕೆಂಪಿನದ್ದು 2ರ ಆಸುಪಾಸು, ಹಾಗಾಗಿ ಅಲ್ಲಿ ಮುರಿಯುವ ಸಾಧ್ಯತೆ ಕಡಿಮೆ.

ಮುರಿದ ಚೂರು ಸುಮ್ಮನಿರುವುದಿಲ್ಲ ಅನ್ನೋದು ಇನ್ನೂ ಕೆಟ್ಟದ್ದು. ಅದು ಅಕ್ಕಪಕ್ಕದ ಎಕ್ಸಿಟಾನ್‌ಗಳ ಶಕ್ತಿಯನ್ನು ನುಂಗುತ್ತದೆ, ಚಾರ್ಜನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಹೊಳಪು ಇಳಿಯುತ್ತದೆ, ವೋಲ್ಟೇಜ್ ಏರುತ್ತದೆ. ಈ ಕಾರಣಕ್ಕೇ ಬಹುತೇಕ ಪರದೆಗಳಲ್ಲಿ ಕೆಂಪು, ಹಸಿರಿಗೆ ಇರಿಡಿಯಂ ಇದ್ದರೂ ನೀಲಿಗೆ ಸಿಂಗ್ಲೆಟ್‌ನಿಂದ ಮಾತ್ರ ಬೆಳಕು ಕೊಡುವ ಹಳೆಯ ಫ್ಲೋರೆಸೆಂಟ್ ಅಣುವನ್ನೇ ಇಟ್ಟುಕೊಂಡಿದ್ದಾರೆ. ದಕ್ಷತೆ ಬಿಟ್ಟುಕೊಟ್ಟು ಬಾಳಿಕೆ ತೆಗೆದುಕೊಂಡರು, ಅಷ್ಟೇ.

ಪ್ರಶ್ನೆ: ಹಾಗಾದರೆ ಟಿಎಡಿಎಫ್, ಅಂದರೆ ಶಾಖದ ನೆರವಿನಿಂದ ತಡವಾಗಿ ಬರುವ ಫ್ಲೋರೆಸೆನ್ಸ್, ಇದಕ್ಕೆ ಪರಿಹಾರ ಅಲ್ವಾ? ಲೋಹವೇ ಬೇಡವಂತೆ.

ಉತ್ತರ: ಅರ್ಧ ಪರಿಹಾರ. 2012ರಲ್ಲಿ ಕ್ಯೂಶು ವಿಶ್ವವಿದ್ಯಾಲಯದ ಅದಾಚಿ ತಂಡ ಇದನ್ನು ಚೆನ್ನಾಗಿ ತೋರಿಸಿತು. ಅಣುವಿನಲ್ಲಿ ಎಲೆಕ್ಟ್ರಾನ್ ಕೊಡುವ ದಾನಿ ಭಾಗವನ್ನೂ ಅದನ್ನು ತೆಗೆದುಕೊಳ್ಳುವ ಗ್ರಾಹಿ ಭಾಗವನ್ನೂ ಒಂದಕ್ಕೊಂದು ತಿರುಚಿ ಇಟ್ಟರೆ ಸಿಂಗ್ಲೆಟ್-ಟ್ರಿಪ್ಲೆಟ್ ಅಂತರ 0.1 ಎಲೆಕ್ಟ್ರಾನ್‌ವೋಲ್ಟ್‌ಗಿಂತ ಕೆಳಗಿಳಿಯುತ್ತದೆ. ಕೋಣೆಯ ಉಷ್ಣತೆಯೇ ಟ್ರಿಪ್ಲೆಟ್ಟನ್ನು ಸಿಂಗ್ಲೆಟ್ ಮಟ್ಟಕ್ಕೆ ಏರಿಸುತ್ತದೆ. ಆದರೆ ಹೀಗೆ ಹತ್ತುವುದಕ್ಕೂ ಮೈಕ್ರೋಸೆಕೆಂಡ್‌ಗಳೇ ಬೇಕು. ಮತ್ತೆ ಅದೇ ಕಾಯುವಿಕೆ! ಜೊತೆಗೆ ತಿರುಚಿದ ಅಣುವಿನ ಬಣ್ಣ ಅಗಲವಾಗಿ ಹರಡುತ್ತದೆ, ಪರದೆಗೆ ಬೇಕಾದ ಶುದ್ಧ ನೀಲಿ ಸಿಗುವುದಿಲ್ಲ.

ನನಗೆ ಇಷ್ಟವಾದ ದಾರಿ ಕೆಲಸ ಹಂಚುವುದು. ಟಿಎಡಿಎಫ್ ಅಣು ಎಕ್ಸಿಟಾನನ್ನು ಹಿಡಿದು, ಪಕ್ಕದಲ್ಲಿರುವ ಫ್ಲೋರೆಸೆಂಟ್ ಅಣುವಿಗೆ ಕೂಡಲೇ ದಾಟಿಸುತ್ತದೆ. ಬೆಳಕು ಕೊಡುವುದು ಎರಡನೆಯದು. ಆ ಜಾಗಕ್ಕೆ ಬೋರಾನ್-ನೈಟ್ರೋಜನ್ ಸೇರಿದ ಗಟ್ಟಿ ಚಪ್ಪಟೆ ಅಣುಗಳು ಚೆನ್ನಾಗಿ ಹೊಂದುತ್ತವೆ. 2016ರಲ್ಲಿ ಹಟಕೆಯಾಮಾ ತಂಡ ಮಾಡಿದ ಈ ಬಗೆಯ ಅಣುಗಳ ನೀಲಿ ಬಣ್ಣದ ಹರವು ಬಹಳ ಕಿರಿದು.

ಇನ್ನೊಬ್ಬರ ಪ್ರಶ್ನೆ: ಹೈಡ್ರೋಜನ್ ತೆಗೆದು ಡ್ಯುಟೀರಿಯಂ (ಭಾರದ ಹೈಡ್ರೋಜನ್) ಹಾಕಿದರೆ ಬಾಳಿಕೆ ಜಾಸ್ತಿಯಾಗುತ್ತದೆ ಅಂತ ಕೇಳಿದ್ದೆ. ಬರೀ ಪ್ರಚಾರವಾ?

ಉತ್ತರ: ಪ್ರಚಾರ ಅಲ್ಲ. ಎಲ್‌ಜಿ ಡಿಸ್‌ಪ್ಲೇ 2021ರ ಕೊನೆಯಲ್ಲಿ ಪ್ರಕಟಿಸಿದ ಟಿವಿ ಫಲಕಗಳಲ್ಲಿ ಡ್ಯುಟೀರಿಯಂ ಇದೆ. ಡ್ಯುಟೀರಿಯಂ ಭಾರ ಜಾಸ್ತಿ, ಕಂಪನ ನಿಧಾನ, ಹಾಗಾಗಿ ಬಂಧ ಮುರಿಯಲು ಸ್ವಲ್ಪ ಹೆಚ್ಚು ಶಕ್ತಿ ಬೇಕು. ಬಣ್ಣ ಬಹುತೇಕ ಹಾಗೇ ಉಳಿಯುತ್ತದೆ. ಆದರೆ ಅಣು ಕಾರ್ಬನ್-ಹೈಡ್ರೋಜನ್ ಬಂಧದಲ್ಲಿ ಮುರಿಯುತ್ತಿದ್ದರೆ ಮಾತ್ರ ದೊಡ್ಡ ಲಾಭ. ಕಾರ್ಬನ್-ನೈಟ್ರೋಜನ್ ಬಂಧವೇ ಬಿಚ್ಚಿಕೊಳ್ಳುತ್ತಿದ್ದರೆ ಖರ್ಚಿಗೆ ತಕ್ಕ ಫಲ ಸಿಗುವುದು ಕಷ್ಟ.

ಹೊಸ ಅಣು ವಿನ್ಯಾಸ ಮಾಡುವವರು ಮರೆಯುವ ಸಂಗತಿ ಶುದ್ಧತೆ. ಈ ಅಣುಗಳನ್ನು ಕಟ್ಟುವಾಗ ಬ್ರೋಮಿನ್ ಇರುವ ತುಂಡುಗಳನ್ನು ಪಲ್ಲಾಡಿಯಂ ಬಳಸಿ ಜೋಡಿಸುತ್ತೇವೆ. ಸ್ವಲ್ಪ ಬ್ರೋಮಿನ್ ಉಳಿದರೂ ಡಯೋಡಿನಲ್ಲಿ ಎಲೆಕ್ಟ್ರಾನ್ ಬಂದು ಸೇರಿದ ಕೂಡಲೇ ಆ ಬಂಧ ಕಿತ್ತುಹೋಗುತ್ತದೆ. ಅದಕ್ಕೇ ಕೊನೆಗೆ ಸಬ್ಲಿಮೇಶನ್. ಉದ್ದನೆಯ ಗಾಜಿನ ಕೊಳವೆ, ಒಳಗೆ ನಿರ್ವಾತ, ಒಂದು ತುದಿಯಲ್ಲಿ ಬಿಸಿ. ಪುಡಿ ಆವಿಯಾಗಿ ಸಾಗುತ್ತ ಕೊಳವೆಯ ಗೋಡೆಗೆ ಉಂಗುರ ಉಂಗುರವಾಗಿ ಅಂಟುತ್ತದೆ. ಬಿಸಿ ತುದಿಯಲ್ಲಿ ಕಂದು ಕಸ ಉಳಿಯುತ್ತದೆ, ತಣ್ಣನೆಯ ತುದಿಗೆ ಹಗುರ ಕಲ್ಮಶ ಹೋಗುತ್ತದೆ. ನಡುವಿನ ಉಂಗುರವನ್ನಷ್ಟೇ ಕೆರೆದು ತೆಗೆದು ಮತ್ತೊಮ್ಮೆ ಅದೇ ಕೆಲಸ. ಬೇಜಾರಿನ ಕೆಲಸ, ಆದರೆ ಬಿಟ್ಟರೆ ಎಂಥ ಅಣುವೂ ಬಾಳುವುದಿಲ್ಲ.

ಪ್ರಶ್ನೆ: ಟ್ಯಾಂಡೆಮ್ ಅಂತಾರಲ್ಲ, ಅದೂ ರಸಾಯನವೇನಾ? ಮತ್ತೆ ಬಾಳಿಕೆಯ ಅಂಕಿಗಳನ್ನು ಹೋಲಿಸುವುದು ಹೇಗೆ?

ಉತ್ತರ: ಟ್ಯಾಂಡೆಮ್ ಜೋಡಣೆಯ ಜಾಣ್ಮೆ. ಎರಡು ಡಯೋಡನ್ನು ಒಂದರ ಮೇಲೊಂದು ಇಟ್ಟರೆ ಅದೇ ಹೊಳಪಿಗೆ ಅರ್ಧ ಕರೆಂಟ್ ಸಾಕು. ವೋಲ್ಟೇಜ್ ಮಾತ್ರ ಎರಡರಷ್ಟು ಬೇಕು. 2024ರ ಐಪ್ಯಾಡ್ ಪ್ರೋ ಪರದೆ ಹೀಗಿದೆ. ಪ್ರತಿ ಘಟಕದ ಹೊಳಪು ಅರ್ಧಕ್ಕಿಳಿದರೆ ಬಾಳಿಕೆ ಬರೀ ಎರಡರಷ್ಟಲ್ಲ, ಸಾಮಾನ್ಯವಾಗಿ ಮೂರು-ನಾಲ್ಕರಷ್ಟು ಆಗುತ್ತದೆ. ಎರಡು ಘಟಕಗಳ ನಡುವೆ ಚಾರ್ಜ್ ಹುಟ್ಟಿಸುವ ಪದರ ಇರುತ್ತದೆ, ರಸಾಯನ ಅಲ್ಲಿ ಬೇಕೇ ಬೇಕು.

ಹೋಲಿಸುವಾಗ ಎಲ್‌ಟಿ95 ಮತ್ತು ಎಲ್‌ಟಿ50 ಬೆರೆಸಬೇಡಿ. ಮೊದಲನೆಯದು ಹೊಳಪು 95 ಪ್ರತಿಶತಕ್ಕೆ ಇಳಿಯುವ ಸಮಯ, ಎರಡನೆಯದು ಅರ್ಧಕ್ಕೆ ಇಳಿಯುವ ಸಮಯ. ಒಂದು ಪ್ರಬಂಧದಲ್ಲಿ ಚದರ ಮೀಟರಿಗೆ ನೂರು ಕ್ಯಾಂಡೆಲಾ ಹೊಳಪಿನಿಂದ ಶುರು ಮಾಡಿರುತ್ತಾರೆ, ಇನ್ನೊಂದರಲ್ಲಿ ಸಾವಿರದಿಂದ. ಸೆಮಿನಾರಿನಲ್ಲಿ ಯಾವ ಗ್ರಾಫ್ ಹಾಕಿದರೂ ಆರಂಭದ ಹೊಳಪು ಎಷ್ಟು, ನೀಲಿ ಎಷ್ಟು ಗಾಢ ಅಂತ ಪಕ್ಕದಲ್ಲೇ ಬರೆಯಿರಿ. ತಿಳಿನೀಲಿಯಲ್ಲಿ ಜಾಸ್ತಿ ಗಂಟೆ ತೋರಿಸುವುದು ಅಷ್ಟೇನೂ ಕಷ್ಟವಲ್ಲ.